ಅರಳು ಮರಳಲ್ಲ, ಅದೊಂದು ಕಾಯಿಲೆ



“ಅರವತ್ತಕ್ಕೆ ಅರಳು ಮರಳು” ಎಂಬ ಮಾತು ನಮ್ಮಲ್ಲಿ ಹಳೆಯದು. ಮನೆಯ ಹಿರಿಯರು ಉಂಡದ್ದನ್ನು ಮರೆತು ಮತ್ತೆ ಊಟ ಕೇಳಿದರೆ, ತಮ್ಮ ಹೊಲದ ದಾರಿಯನ್ನೇ ತಪ್ಪಿದರೆ, ಮಗನನ್ನು ಕಂಡು “ನೀನು ಯಾರಪ್ಪ?” ಎಂದರೆ, ನಾವು ಈ ಮಾತನ್ನಾಡಿ ಸುಮ್ಮನಾಗುತ್ತೇವೆ. ಕೆಲವರು ಗಾಳಿ ಸೋಕಿತೆಂದು ಯಂತ್ರ ಕಟ್ಟಿಸುತ್ತಾರೆ. ವಯಸ್ಸಾದ ಮೇಲೆ ಅಷ್ಟಿಷ್ಟು ಮರೆವು ಸಹಜ. ಆದರೆ ಇಂಥ ಮರೆವು ಮುಪ್ಪಿನ ಗುಣವಲ್ಲ, ಮಿದುಳಿನ ಕಾಯಿಲೆ. ಡಾಕ್ಟರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಅದರಲ್ಲಿ ಹೆಚ್ಚಾಗಿ ಕಾಣುವುದು ಅಲ್ಜೈಮರ್ ಕಾಯಿಲೆ.

ಇದು ಏಕೆ ಬರುತ್ತದೆಂದು ತಿಳಿಯಲು ಜಗತ್ತಿಗೆ ನೆರವಾದವರಲ್ಲಿ ನಮ್ಮಂಥ ಹಳ್ಳಿಯವರೂ ಇದ್ದಾರೆ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದಲ್ಲಿ ಆಂಟಿಯೋಕಿಯಾ ಎಂಬ ಗುಡ್ಡಗಾಡು ಪ್ರಾಂತವಿದೆ. ಅಲ್ಲಿಯ ಕೆಲವು ಮನೆತನಗಳಲ್ಲಿ ತಲೆತಲಾಂತರದಿಂದ ನಲವತ್ತೈದರ ಸುಮಾರಿಗೇ ಮರೆವು ಹಿಡಿಯುತ್ತಿತ್ತು. ಅದು ಶಾಪವೆಂದು ನಂಬಿದವರಿದ್ದರು. 1980ರ ದಶಕದಲ್ಲಿ ಫ್ರಾನ್ಸಿಸ್ಕೊ ಲೊಪೆರಾ ಎಂಬ ಡಾಕ್ಟರು ಆ ಊರುಗಳಿಗೆ ಹೋಗಿ, ಯಾರಿಗೆ ಯಾರು ಮಕ್ಕಳೆಂದು ವಂಶವೃಕ್ಷ ಬರೆದುಕೊಂಡರು. ಜನ ರಕ್ತ ಕೊಟ್ಟರು. ಸತ್ತವರ ಮಿದುಳನ್ನೂ ಪರೀಕ್ಷೆಗೆ ಒಪ್ಪಿಸಿದರು. 1995ರಲ್ಲಿ ಮೂಲ ತಿಳಿಯಿತು: ಪ್ರೆಸೆನಿಲಿನ್-1 ಎಂಬ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರದಷ್ಟು ದೋಷ.

ವಂಶವಾಹಿ ಎಂದರೇನು? ರಾಗಿಯ ತೆನೆ ಹೇಗಿರಬೇಕೆಂಬುದು ಬೀಜದಲ್ಲಿ ಅಡಗಿರುವಂತೆ, ತಂದೆತಾಯಿಗಳಿಂದ ಮಕ್ಕಳಿಗೆ ಇಳಿದು ಬರುವ ಗುಣಗಳ ಬರಹ. ಈ ದೋಷವುಳ್ಳವರ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಆದರೆ ಅದೇ ಬಳಗದ ಒಬ್ಬಾಕೆಗೆ ದೋಷವಿದ್ದೂ ಎಪ್ಪತ್ತರವರೆಗೆ ಮರೆವು ಬರಲಿಲ್ಲ. ಇನ್ನೊಂದು ವಂಶವಾಹಿಯ ಅಪರೂಪದ ರೂಪವೇ ಆಕೆಯನ್ನು ಕಾಪಾಡಿರಬೇಕೆಂದು 2019ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಔಷಧ ಹುಡುಕುವವರಿಗೆ ಇದರಿಂದ ಹೊಸ ದಾರಿ ಕಂಡಿದೆ.

ಇದನ್ನು ಕೇಳಿ ಯಾರೂ ಹೆದರಬೇಡಿ. ಹೀಗೆ ಒಂದೇ ವಂಶವಾಹಿಯಿಂದ ಬರುವ ಅಲ್ಜೈಮರ್ ನೂರಕ್ಕೆ ಒಂದರಷ್ಟೂ ಇಲ್ಲ. ಉಳಿದವರಲ್ಲಿ ವಂಶವಾಹಿಗಳು ಕಾಯಿಲೆಯ ಸಂಭವವನ್ನು ಹೆಚ್ಚಿಸಬಹುದು, ಅಷ್ಟೆ, ಬಂದೇ ಬರುತ್ತದೆಂದಲ್ಲ. ಅಜ್ಜನಿಗೆ ಮರೆವಿತ್ತೆಂದು ಆ ಮನೆಗೆ ಹೆಣ್ಣು ಕೊಡಲು, ತರಲು ಹಿಂಜರಿಯುವುದು ತಪ್ಪು. ಬೀಜ ಒಂದೇ ಆದರೂ ನೆಲ, ನೀರು, ಆರೈಕೆಯಿಂದ ಬೆಳೆ ಬೇರೆಯಾಗುವುದಿಲ್ಲವೆ? ಜಗತ್ತಿನಲ್ಲಿ ಇಂಥ ಕಾಯಿಲೆಯ ನೂರಕ್ಕೆ 45 ಪಾಲನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಿದೆಯೆಂದು ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ ಅಂದಾಜು ಮಾಡಿದೆ.

ವಂಶವಾಹಿಗಳ ಈ ಶೋಧನೆ ಬಹುಪಾಲು ಯುರೋಪ್ ಮೂಲದ ಜನರಲ್ಲಿ ನಡೆದದ್ದು. ನಮ್ಮವರ ವಂಶ, ಊಟ, ದುಡಿಮೆ ಬೇರೆ. ಆದ್ದರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಕೆಲಸ ಆರಂಭಿಸಿತು. 45 ವರ್ಷ ತುಂಬಿದ 10,000 ಜನರ ನೆನಪು, ರಕ್ತ, ಮಿದುಳುಗಳನ್ನು ಬಹುಕಾಲ ಪರೀಕ್ಷಿಸುತ್ತ ಹೋಗುವುದು ಅದರ ಗುರಿ. ಕೊಲಂಬಿಯಾದ ಹಳ್ಳಿಗರು ಮಾಡಿದ ಉಪಕಾರವನ್ನೇ ನಮ್ಮ ಕೋಲಾರದ ಹಳ್ಳಿಗರೂ ಮಾಡುತ್ತಿದ್ದಾರೆ.

ಇನ್ನು ನಾವು ಮಾಡಬೇಕಾದ್ದೇನು? ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಹತೋಟಿಯಲ್ಲಿಡಿ. ಬೀಡಿ, ಹೆಂಡ ಬಿಡಿ. ಕಿವಿ ಮಂದವಾದರೆ ಅಲಕ್ಷ್ಯ ಮಾಡದೆ ತೋರಿಸಿ. ಮಕ್ಕಳನ್ನು, ಹೆಣ್ಣು ಮಕ್ಕಳನ್ನೂ, ಓದಿಸಿ. ಚಿಕ್ಕಂದಿನ ಓದು ಮುಪ್ಪಿನ ಮಿದುಳಿಗೆ ಬಲ. ಹಿರಿಯರನ್ನು ಮೂಲೆಗೆ ಕೂರಿಸದೆ ನಾಲ್ಕು ಜನರೊಡನೆ ಬೆರೆಯಲು ಬಿಡಿ.

ಮರೆವು ಕಂಡೊಡನೆ ಆಸ್ಪತ್ರೆಗೆ ಕರೆದೊಯ್ಯಿರಿ. ಥೈರಾಯ್ಡ್ ತೊಂದರೆಯಿಂದಲೋ ಬಿ-12 ಜೀವಸತ್ವದ ಕೊರತೆಯಿಂದಲೋ ಬಂದ ಮರೆವಿಗೆ ಚಿಕಿತ್ಸೆಯುಂಟು. ಅಲ್ಜೈಮರನ್ನು ಪೂರ್ತಿ ವಾಸಿಮಾಡುವ ಮದ್ದು ಇನ್ನೂ ಇಲ್ಲ, ಆರೈಕೆಯೇ ಮುಖ್ಯ. ಗದರಬೇಡಿ, ಹಂಗಿಸಬೇಡಿ. ಒಬ್ಬರನ್ನೇ ದೂರ ಕಳುಹಿಸಬೇಡಿ. ಜೇಬಿನಲ್ಲಿ ಹೆಸರು, ಊರು ಬರೆದ ಚೀಟಿಯಿರಲಿ. ತಿಳಿವು ಕಳೆದುಕೊಂಡವರಿಂದ ಜಮೀನಿನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವ ಅನ್ಯಾಯ ಯಾವ ಮನೆಯಲ್ಲೂ ಆಗದಿರಲಿ.

ನಿಮ್ಮ ಬೀದಿಯಲ್ಲಿ ಇಂಥ ಹಿರಿಯರಿದ್ದರೆ ಅವರ ಮನೆಯವರಿಗೆ ಈ ಮಾತು ತಿಳಿಸಿ.