ಕುಮಾರ ಗಂಧರ್ವರೂ ಮನೆಯ ಒಡತಿಯರೂ



ಲೆಕ್ಕದ ಪುಸ್ತಕ ಹಿಡಿಯುವ ನನ್ನಂಥವನು ಸಂಗೀತದ ಮಾತನಾಡುವುದು ಸಾಹಸವೇ ಸರಿ. ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೋಮಕಲಿಮಠ, ಎಂದರೆ ನಮ್ಮ ಕುಮಾರ ಗಂಧರ್ವರು, ಇದೇ ಮುಂಬಯಿಯಲ್ಲಿ ದೇವಧರ ಮಾಸ್ತರರ ಬಳಿ ಕಲಿತವರು. ಕ್ಷಯ ತಗುಲಿ ದೇವಾಸದಲ್ಲಿ ಮಲಗಿದಾಗ ಪತ್ನಿ ಭಾನುಮತಿಯವರು ಶಾಲೆಯಲ್ಲಿ ದುಡಿದು ಮನೆ ನಡೆಸಿದರು, ಶುಶ್ರೂಷೆಯನ್ನೂ ಮಾಡಿದರು. ಆ ಸಂಬಳವನ್ನು ಯಾವ ಸಂಗೀತದ ಇತಿಹಾಸ ಜಮೆಗೆ ಹಿಡಿದಿದೆ?

ಹಾಡಕೂಡದೆಂದಿದ್ದರು ವೈದ್ಯರು. ಕಿವಿಗೇನು ತಡೆ! ಮಾಳವದ ಹೆಂಗಸರ ಹಾಡುಗಳು ಮನೆಯಾಚೆಯಿಂದ ಕೇಳಿಬಂದವು. ಅವುಗಳ ಧಾಟಿಯಿಂದ ಹೊಸ ರಾಗಗಳು ಹುಟ್ಟಿದವು. ‘ಅನೂಪರಾಗವಿಲಾಸ’ 1965ರಲ್ಲಿ ಅಚ್ಚಾಯಿತು. ಭಾನುಮತಿ ಅದನ್ನು ಕಾಣಲಿಲ್ಲ. 1961ರಲ್ಲೇ ಹೆರಿಗೆಯಲ್ಲಿ ತೀರಿಕೊಂಡಿದ್ದರು. ಬಳಿಕ ಕೈಹಿಡಿದ ವಸುಂಧರಾ ಕಛೇರಿಗಳಲ್ಲಿ ದನಿಗೂಡಿಸಿದರು. ಅವರೂ ಮುಂಬಯಿಯಲ್ಲೇ ಸಂಗೀತ ಕಲಿತವರು.