ಮಗುವಿನ ಬರಹಕ್ಕೆ ಓದುಗ ಬೇಕು

ಪ್ರಾಥಮಿಕ ಶಾಲೆಯ ಮಕ್ಕಳಿಗೆ ‘ಹಸು’ ಕುರಿತು ಹತ್ತು ಸಾಲು ಬರೆಯಲು ಹೇಳಿ ನೋಡಿ. ಹಸು ಸಾಕುಪ್ರಾಣಿ, ಅದಕ್ಕೆ ನಾಲ್ಕು ಕಾಲು, ಅದು ಹಾಲು ಕೊಡುತ್ತದೆ. ತರಗತಿಯ ಅಷ್ಟೂ ಪುಸ್ತಕಗಳಲ್ಲಿ ಅವೇ ಸಾಲುಗಳು. ಬೆಳಿಗ್ಗೆ ತಾನೇ ಕೊಟ್ಟಿಗೆಯಲ್ಲಿ ಕರು ಹುಟ್ಟಿದ್ದನ್ನು ಕಂಡು ಬಂದ ಹುಡುಗಿಯೂ ಅದನ್ನೇ ಬರೆಯುತ್ತಾಳೆ. ಕರುವಿನ ಸುದ್ದಿಯನ್ನು ಗೆಳತಿಯ ಕಿವಿಯಲ್ಲಿ ಹೇಳುತ್ತಾಳೆಯೇ ಹೊರತು ಪುಸ್ತಕಕ್ಕೆ ಇಳಿಸುವುದಿಲ್ಲ. ಆಡುವ ಮಾತಿಗೂ ಬರೆಯುವ ಮಾತಿಗೂ ನಡುವಿನ ಈ ಕಂದಕವನ್ನು ದಾಟಿಸುವುದು ಹೇಗೆ?

ಫ್ರಾನ್ಸಿನ ಹಳ್ಳಿಯ ಮೇಷ್ಟ್ರೊಬ್ಬರು ಸುಮಾರು ನೂರು ವರ್ಷಗಳ ಹಿಂದೆ ಇದಕ್ಕೊಂದು ಉತ್ತರ ಕಂಡುಕೊಂಡರು. ಅವರೇ ಸೆಲೆಸ್ತಾನ್ ಫ್ರೆನೆ (1896-1966). ಮೊದಲ ಮಹಾಯುದ್ಧದಲ್ಲಿ ಗುಂಡು ತಗುಲಿ ಅವರ ಶ್ವಾಸಕೋಶಕ್ಕೆ ಪೆಟ್ಟಾಗಿತ್ತು. 1920ರಲ್ಲಿ ಬಾರ್-ಸುರ್-ಲೂ ಎಂಬ ಊರಿನ ಶಾಲೆಗೆ ಬಂದಾಗ, ದಿನವಿಡೀ ಗಟ್ಟಿಯಾಗಿ ಪಾಠ ಹೇಳುವಷ್ಟು ಉಸಿರು ಅವರಲ್ಲಿರಲಿಲ್ಲ. ಮಕ್ಕಳನ್ನು ಹೊರಗೆ ಕರೆದೊಯ್ದು ನೇಕಾರನ, ಬಡಗಿಯ, ಕಮ್ಮಾರನ ಕೆಲಸ ತೋರಿಸತೊಡಗಿದರು. ಮರಳಿ ಬಂದ ಮಕ್ಕಳು ಹೇಳಿದ್ದೇ ಕರಿಹಲಗೆಯ ಮೇಲಿನ ಪಾಠವಾಯಿತು. ಆದರೆ ಸಂಜೆ ಹಲಗೆ ಒರೆಸಿದರೆ ಪಾಠವೂ ಅಳಿಸಿಹೋಗುತ್ತಿತ್ತು.

ಆಗ ಫ್ರೆನೆ ತರಗತಿಗೆ ಒಂದು ಪುಟ್ಟ ಮುದ್ರಣ ಯಂತ್ರವನ್ನೇ ತಂದರು. ಮಕ್ಕಳು ತಮಗೆ ಬೇಕಾದ ವಿಷಯವನ್ನು ಬರೆದು ಗಟ್ಟಿಯಾಗಿ ಓದುವರು. ಎಲ್ಲರೂ ಕೈಯೆತ್ತಿ ಒಂದು ಬರಹವನ್ನು ಆರಿಸುವರು. ಅದು ಹಲಗೆಯ ಮೇಲೇರಿದ ಮೇಲೆ ಇಡೀ ತರಗತಿ ಬರೆದವನನ್ನೇ ಕೇಳುತ್ತ ತಿದ್ದುವುದು: ಇಲ್ಲಿ ಹೇಳಹೊರಟಿದ್ದೇನು, ಈ ಪದ ಸಾಕೆ, ಈ ಸಾಲು ಬೇಕೆ? ಆಮೇಲೆ ಮಕ್ಕಳೇ ಒಂದೊಂದಾಗಿ ಅಚ್ಚುಮೊಳೆ ಜೋಡಿಸಿ ಅಚ್ಚುಹಾಕುವರು. ಅಕ್ಷರ ತಪ್ಪಿದರೆ ಅದು ಎಲ್ಲ ಪ್ರತಿಗಳಲ್ಲೂ ತಪ್ಪೇ. ಕಾಗುಣಿತ ಇಲ್ಲಿ ಶಿಕ್ಷೆಯ ವಿಷಯವಾಗಿ ಉಳಿಯಲಿಲ್ಲ, ಅಗತ್ಯದ ವಿಷಯವಾಯಿತು.

1926ರ ಹೊತ್ತಿಗೆ ಈ ಹಾಳೆಗಳು ದೂರದ ಬ್ರಿಟನಿ ಕರಾವಳಿಯ ಶಾಲೆಯೊಂದಕ್ಕೆ ಹೋಗತೊಡಗಿದವು. ಅಲ್ಲಿಂದಲೂ ಬರಹಗಳು ಬಂದವು. ವಿಧಾನದ ಗುಟ್ಟು ಇಲ್ಲಿದೆ. ಬೆಟ್ಟದ ಸೀಮೆಯ ಮಗು ತನ್ನ ಊರನ್ನು ಕಾಣದ, ಕಡಲ ತಡಿಯ ಮಗುವಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕು. ಕೆಂಪು ಶಾಯಿಗೆ ಹೆದರಿ ಬರೆಯುವ ಮಗು ತಪ್ಪಾಗದ ನಾಲ್ಕು ಪದಗಳಲ್ಲಿ ಮುಗಿಸುತ್ತದೆ. ಓದುಗನಿಗಾಗಿ ಬರೆಯುವ ಮಗು ಸರಿಯಾದ ಪದವನ್ನು ಹುಡುಕುತ್ತದೆ.

ಆದರೆ ಮಗುವಿಗೆ ಮನಸ್ಸಿನ ಮಾತು ಬರೆ ಎನ್ನುವುದು ಸುಲಭವಲ್ಲ. ಫ್ರೆನೆ ಸಾಂ-ಪೋಲ್ ಎಂಬ ಊರಿನ ಶಾಲೆಗೆ ಹೋದಾಗ ಒಬ್ಬ ಹುಡುಗ ತನ್ನ ಕನಸನ್ನು ಬರೆದ. ಉಚಿತ ಶಾಲಾ ಸಾಮಗ್ರಿ ಕೊಡದ ಮೇಯರ್ ವಿರುದ್ಧ ತರಗತಿಯೇ ದಂಗೆಯೇಳುತ್ತದೆ, ಮೇಯರ್ ಸಾಯುತ್ತಾನೆ. ಬರಹ ಅಚ್ಚಾಯಿತು. 1932ರಲ್ಲಿ ವಿರೋಧಿಗಳು ಅದನ್ನೇ ಹಿಡಿದು ಗದ್ದಲವೆಬ್ಬಿಸಿದರು. ಮರುವರ್ಷ ಫ್ರೆನೆ ಆ ಶಾಲೆ ಬಿಡಬೇಕಾಯಿತು. ಅವರು ಎದೆಗುಂದದೆ 1935ರಲ್ಲಿ ವಾಂಸ್ ಎಂಬಲ್ಲಿ ಸ್ವಂತ ಶಾಲೆ ತೆರೆದರು. 1991ರಲ್ಲಿ ಆ ಶಾಲೆಯನ್ನು ಫ್ರೆಂಚ್ ಸರ್ಕಾರವೇ ವಹಿಸಿಕೊಂಡಿತು.

ನಮ್ಮ ಶಾಲೆಗಳಿಗೆ ಮುದ್ರಣ ಯಂತ್ರವೇನೂ ಬೇಕಿಲ್ಲ. ಕೈಬರಹದ ಪತ್ರಿಕೆ, ಗೋಡೆ ಪತ್ರಿಕೆ ನಮಗೆ ಹೊಸವಲ್ಲ. ಆದರೆ ಅವುಗಳಲ್ಲಿ ಬಹುಪಾಲು ಮೇಷ್ಟ್ರು ತಿದ್ದಿ ತೀಡಿದ, ದುಂಡಗಿನ ಅಕ್ಷರದ ಬರಹಗಳೇ ಕಾಣುತ್ತವೆ. ವಾರಕ್ಕೊಮ್ಮೆ ಒಂದು ಮಗುವಿನ ಬರಹವನ್ನು ತರಗತಿಯೆಲ್ಲ ಕೂಡಿ ತಿದ್ದಿ, ಪಕ್ಕದೂರಿನ ಶಾಲೆಗೆ ಅಂಚೆಯಲ್ಲಿ ಕಳಿಸಿದರೂ ಆರಂಭವಾದಂತೆಯೇ. ತಪ್ಪುಗಳಿಗೆ ಗೆರೆ ಎಳೆಯುವ ಮೊದಲು ಶಿಕ್ಷಕರು ‘ಆಮೇಲೇನಾಯಿತು?’ ಎಂದೊಮ್ಮೆ ಕೇಳಲಿ. ಕೊಟ್ಟಿಗೆಯ ಕರು ಆಗ ತಾನಾಗಿ ಪುಸ್ತಕದೊಳಕ್ಕೆ ನಡೆದು ಬರುತ್ತದೆ.