ಎದೆಯೊಳಗೆ ಹೋದ ಗಣಿ ಧೂಳು

ಡಿ. ಹಿರೇಹಾಳ್, ಓಬುಳಾಪುರ, ರಾಯದುರ್ಗದ ಕಡೆಯವರು ನನ್ನನ್ನು ಮತ್ತೆ ಮತ್ತೆ ಕೇಳುವುದು ಒಂದೇ ಮಾತು: “ಡಾಕ್ಟ್ರೇ, ಅಷ್ಟು ವರ್ಷ ಕುಡಿದ ಗಣಿ ಧೂಳು ಎದೆಯಲ್ಲೇ ಕೂತಿದೆಯಾ?” ಓಬುಳಾಪುರದ ಕಬ್ಬಿಣದ ಅದಿರಿನ ಗಣಿಗಾರಿಕೆ 2009ರಲ್ಲಿ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ಪಕ್ಕದ ಬಳ್ಳಾರಿ ಜಿಲ್ಲೆಯ ಗಣಿಗಳನ್ನೂ ನಿಲ್ಲಿಸಿತು. ಆದರೆ ಅದಿರು ಲಾರಿ ಓಡಿಸಿದವರು, ಲೋಡಿಂಗ್ ಮಾಡಿದವರು, ರಸ್ತೆ ಪಕ್ಕದ ಮನೆಯವರು, ಇವರ ಚಿಂತೆ ಮಾತ್ರ ನಿಂತಿಲ್ಲ.

ಶ್ವಾಸಕೋಶದ ಕೆಲಸವೇನೆಂದು ನಿಮಗೆ ಗೊತ್ತು. ನಾನು ಹೇಳಬೇಕಾದದ್ದು ಅಲ್ಲಿಗೆ ಹೋಗುವ ದಾರಿಯ ಬಗ್ಗೆ. ಮೂಗು, ಗಂಟಲು, ಧ್ವನಿಪೆಟ್ಟಿಗೆ ದಾಟಿದ ಗಾಳಿ ಶ್ವಾಸನಾಳಕ್ಕೆ ಇಳಿಯುತ್ತದೆ. ಆ ನಾಳ ಎರಡಾಗಿ, ಎರಡು ನಾಲ್ಕಾಗಿ, ಸುಮಾರು 23 ಸಲ ಕವಲೊಡೆಯುತ್ತದೆ. ಕೊನೆಗೆ ಸಿಗುವುದು ಗಾಳಿಗೂಡುಗಳು. 30 ಕೋಟಿಗೂ ಹೆಚ್ಚಿವೆ. ಅಲ್ಲಿ ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ಒಂದು ಮೈಕ್ರಾನಿನಷ್ಟೂ ದಪ್ಪವಿಲ್ಲ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು.

ಹತ್ತು ಮೈಕ್ರಾನಿಗಿಂತ ದಪ್ಪ ಧೂಳು ಬಹುಪಾಲು ಮೂಗು, ಗಂಟಲಲ್ಲೇ ಸಿಕ್ಕಿಬೀಳುತ್ತದೆ. ಅದಕ್ಕಿಂತ ಸಣ್ಣದು ಶ್ವಾಸನಾಳದ ಕವಲುಗಳಿಗೆ ಇಳಿದು ಅಲ್ಲಿನ ಲೋಳೆಗೆ ಅಂಟುತ್ತದೆ. ಲೋಳೆಯ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ, ಒಂದೊಂದು ಜೀವಕೋಶದ ಮೇಲೂ ಸುಮಾರು 200. ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬಡಿಯುತ್ತವೆ. ಸಾಲಾಗಿ ನಿಂತ ಕೂಲಿಯವರು ಮಣ್ಣಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುವಂತೆ ಲೋಳೆಯನ್ನು ಮೇಲಕ್ಕೆ, ಗಂಟಲಿನ ಕಡೆಗೆ ಸಾಗಿಸುತ್ತವೆ. ಅದನ್ನು ನಾವು ಉಗುಳುತ್ತೇವೆ, ಇಲ್ಲವೇ ಗೊತ್ತಿಲ್ಲದೆ ನುಂಗುತ್ತೇವೆ. ಸಂಜೆ ಮೂಗು ಸೀಂಟಿದಾಗ, ಉಗುಳಿದಾಗ ಬರುತ್ತಿದ್ದ ಕೆಂಧೂಳು ಹೊರಗೆ ಬಿದ್ದ ಧೂಳು. ಅದು ನಿಮ್ಮೊಳಗೆ ಉಳಿದಿಲ್ಲ. ಆದರೆ ಕಫದಲ್ಲಿ ರಕ್ತ ಕಂಡರೆ ಅದು ಬೇರೆ ವಿಷಯ, ಅವತ್ತೇ ಆಸ್ಪತ್ರೆಗೆ ಹೋಗಿ.

ಇಲ್ಲೇ ನನಗೆ ತಾಳ್ಮೆ ತಪ್ಪುವುದು. “ಬೆಲ್ಲ ತಿಂದರೆ ಧೂಳು ತೊಳೆದುಹೋಗುತ್ತದೆ” ಅನ್ನುತ್ತಾರೆ. ಬೆಲ್ಲ ಇಳಿಯುವುದು ಅನ್ನನಾಳದಲ್ಲಿ, ಹೊಟ್ಟೆಗೆ. ಶ್ವಾಸನಾಳ ಅದರ ಮುಂದಿರುವ ಬೇರೆಯೇ ಕೊಳವೆ. ತಿಂದದ್ದು ಆ ಕಡೆ ಹೋಗದಂತೆ ಮುಚ್ಚಳವೇ ಇದೆ. ಬೆಲ್ಲ ತಿನ್ನಿ, ಬೇಡ ಅನ್ನುವುದಿಲ್ಲ. ಎದೆ ತೊಳೆಯುವ ಕೆಲಸ ಅದರದ್ದಲ್ಲ.

ಇನ್ನೊಂದು ನಂಬಿಕೆ ಇದಕ್ಕಿಂತ ಕೆಟ್ಟದ್ದು: “ಬೆಳಿಗ್ಗೆ ಒಂದು ಬೀಡಿ ಸೇದಿದರೆ ಕಫ ಕಿತ್ತು ಬರುತ್ತದೆ, ಎದೆ ಹಗುರಾಗುತ್ತದೆ.” ಟಿಪ್ಪರ್ ಓಡಿಸುತ್ತಿದ್ದವರೊಬ್ಬರು ನನ್ನೆದುರು ಕೂತು, ಔಷಧಿ ಹೇಳುವ ಹಾಗೆ ಇದನ್ನು ಹೇಳಿದ್ದರು. ದಯವಿಟ್ಟು ಕೇಳಿ. ಬೀಡಿ ಹೊಗೆ ಆ ರೋಮಗಳನ್ನು ಮೊದಲು ನಿಧಾನ ಮಾಡುತ್ತದೆ, ಆಮೇಲೆ ನಾಶ ಮಾಡುತ್ತದೆ. ಅದೇ ಹೊಗೆಗೆ ಲೋಳೆಗ್ರಂಥಿಗಳು ಊದಿಕೊಳ್ಳುತ್ತವೆ. ಲೋಳೆ ಹೆಚ್ಚಾಯಿತು, ಸಾಗಿಸುವವರು ಕಡಿಮೆಯಾದರು. ಉಳಿದ ದಾರಿ ಕೆಮ್ಮುವುದೊಂದೇ. ಬೀಡಿ ಕಫ ತೆಗೆಯುತ್ತಿಲ್ಲ, ಕಫ ತುಂಬುತ್ತಿದೆ. ಇನ್ನೊಮ್ಮೆ ಹೇಳುತ್ತೇನೆ: ಧೂಳಿನಲ್ಲಿ ದುಡಿದು ಬೀಡಿಯನ್ನೂ ಸೇದುವವರು ಧೂಳು ಹೊರಹಾಕುವ ಕೈಗಳನ್ನು ತಾವೇ ಕಡಿದುಕೊಳ್ಳುತ್ತಿದ್ದಾರೆ. ಸಮಾಧಾನದ ಮಾತೆಂದರೆ, ಬಿಟ್ಟ ಕೆಲವು ವಾರ, ತಿಂಗಳುಗಳಲ್ಲಿ ರೋಮಗಳು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತವೆ. ಬಿಟ್ಟ ಹೊಸದರಲ್ಲಿ ಕೆಲವರಿಗೆ ಕೆಮ್ಮು ಹೆಚ್ಚಾದಂತೆ ಕಾಣುತ್ತದೆ. ಅದಕ್ಕೆ ಹೆದರಿ ಮತ್ತೆ ಬೀಡಿ ಹಚ್ಚಬೇಡಿ.

ಈಗ ಗಾಳಿಗೂಡಿಗೆ ಬರೋಣ. ಅಲ್ಲಿ ರೋಮಗಳಿಲ್ಲ. ಕೆಲವೇ ಮೈಕ್ರಾನಿನ ನುಣ್ಣನೆಯ ಧೂಳು ಅಲ್ಲಿಯವರೆಗೂ ಹೋಗುತ್ತದೆ, ಕಾವಲಿನ ಜೀವಕೋಶಗಳು ಅದನ್ನು ನುಂಗುತ್ತವೆ. ಬರೀ ಕಬ್ಬಿಣದ ಧೂಳಾದರೆ ಎಕ್ಸ್‌ರೇಯಲ್ಲಿ ಚುಕ್ಕೆಯಾಗಿ ಕಂಡರೂ ಸಾಮಾನ್ಯವಾಗಿ ಹೆಚ್ಚು ಕೆಡುಕು ಮಾಡುವುದಿಲ್ಲ. ಆದರೆ ನಮ್ಮ ಗುಡ್ಡಗಳಲ್ಲಿ ಅದಿರಿನ ಜೊತೆ ಬೆಣಚುಕಲ್ಲಿನ ಪದರಗಳೂ ಇವೆ. ಬೆಣಚಿನ ಧೂಳು, ಅಂದರೆ ಸಿಲಿಕಾ, ನುಂಗಿದ ಜೀವಕೋಶವನ್ನೇ ಕೊಲ್ಲುತ್ತದೆ. ಸುತ್ತ ಗಾಯ ಕಟ್ಟಿ ಶ್ವಾಸಕೋಶ ಗಟ್ಟಿಯಾಗುತ್ತದೆ. ಅದೇ ಸಿಲಿಕೋಸಿಸ್. ಆದ ಹಾನಿಯನ್ನು ಹಿಂದಕ್ಕೆ ತರುವ ಔಷಧಿ ಇಲ್ಲ. ಧೂಳಿನ ಕೆಲಸ ಬಿಟ್ಟು ವರ್ಷಗಳಾದ ಮೇಲೂ ಅದು ತಲೆದೋರಬಹುದು, ಕ್ಷಯವನ್ನೂ ಸುಲಭವಾಗಿ ಕರೆದುಕೊಳ್ಳುತ್ತದೆ. ಡ್ರಿಲ್ಲಿಂಗ್ ಮಾಡಿದವರು, ಕ್ರಷರ್‌ನಲ್ಲಿ ದುಡಿದವರು, ದುಡಿಯುತ್ತಿರುವವರು ಇದನ್ನು ಮರೆಯಬಾರದು.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಬಾಯಿಗೆ ಕಟ್ಟುವ ಟವೆಲ್ ದಪ್ಪ ಧೂಳನ್ನಷ್ಟೇ ತಡೆಯುತ್ತದೆ, ನುಣ್ಣನೆಯದಕ್ಕೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮಾಸ್ಕ್ ಬೇಕು. ಕಲ್ಲು ಕೊರೆಯುವಾಗ, ಒಡೆಯುವಾಗ ನೀರು ಹಾಯಿಸಿ ಎಂದು ಮಾಲೀಕರನ್ನು ಒತ್ತಾಯಿಸಿ. ಎರಡು ವಾರ ದಾಟಿದ ಕೆಮ್ಮು, ತೂಕ ಇಳಿಯುವುದು, ನಾಲ್ಕು ಹೆಜ್ಜೆಗೇ ಏದುಸಿರು ಇದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕ್ಷಯದ ಕಫ ಪರೀಕ್ಷೆ ಅಲ್ಲಿ ಉಚಿತ. ಹೋದಾಗ ಬರೀ ಕೆಮ್ಮು ಅನ್ನಬೇಡಿ. ಯಾವ ಗಣಿಯಲ್ಲಿ, ಯಾವ ಕೆಲಸ, ಎಷ್ಟು ವರ್ಷ ಎನ್ನುವುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಎಕ್ಸ್‌ರೇ ಓದುವವರಿಗೆ ಆ ಮಾತು ಬೇಕೇ ಬೇಕು.